ನೀಲಿ ಗಂಡುಹಕ್ಕಿ

ಮಾರ್ಚ್ ೧೪, ಗುರುವಾರ ಮಧ್ಯಾಹ್ನ

ನನ್ನ ಪುಕ್ಕಮ್ಮ,

ಎರಡು ಬೀದಿ ಆಚೆ ಇರುವವಳಿಗೆ ಕಾಗದ ಬರೆಯುವ ದರ್ದು ಏನು ಬಂತು ಅಂತ ನಗಬೇಡ. ನನಗೆ ವಟವಟ ಅಂತ ಹೆಸರಿಟ್ಟವಳು ನೀನೇ. ಎದುರು ಕೂತರೆ ನನ್ನ ಬಾಯಿ ಊರೆಲ್ಲ ಸುತ್ತುತ್ತದೆ, ಹೇಳಬೇಕಾದ್ದು ಮಾತ್ರ ಗಂಟಲು ದಾಟುವುದಿಲ್ಲ.

ನಿನ್ನೆ ನಿನ್ನ ಹಕ್ಕಿಕೋಣೆಗೆ ಬಂದಿದ್ದೆನಲ್ಲ. ಹದಿನಾಲ್ಕು ಪಂಜರವೂ ಖಾಲಿ, ದೊಡ್ಡ ಹಕ್ಕಿಗಳನ್ನೂ ಉಳಿಸಿಕೊಂಡಿಲ್ಲ. ಗೂಡುಪೆಟ್ಟಿಗೆಗಳನ್ನು ಗೋಡೆಗೆ ಮುಖ ಮಾಡಿ ಇಟ್ಟಿದ್ದೀಯ. ನಮ್ಮ ಭಾವ, ಅದೇ ನಿನ್ನ ಯಜಮಾನರು, ಗಡಿಯಾರ ರಿಪೇರಿ ಮಾಡುತ್ತಿದ್ದ ಮೇಜಿನ ಮೇಲೆ ಫಿನಾಯಿಲ್ ಬಾಟಲಿ ಇನ್ನೂ ಹಾಗೇ ಇದೆ. ನಾನು ಎತ್ತಿಡಲು ಹೋದರೆ ನೀನು, ಅಲ್ಲೇ ಇರಲಿ, ಯಾರು ಮಾಡಿದ್ದು ಅಂತ ಮರೆಯಬಾರದು ಅಂದೆ.

ಪುಕ್ಕಮ್ಮ, ನಿನ್ನ ಬಡ್ಜಿ ಗಿಳಿಮರಿಗಳು ಭಾವ ಪಂಜರ ತೊಳೆದ ಫಿನಾಯಿಲಿನಿಂದ ಸಾಯಲಿಲ್ಲ. ಹೊಟ್ಟೆ ಊದಿ, ಚರ್ಮದಡಿ ರಕ್ತ ಕಟ್ಟಿ, ಹದಿನೈದು ದಿನ ತುಂಬುವ ಮೊದಲೇ ಒಂದೊಂದಾಗಿ ಹೋದವಲ್ಲ, ಉಳಿದೆರಡಕ್ಕೆ ಬಾಲದ ಗರಿಯೇ ಬರಲಿಲ್ಲವಲ್ಲ, ಅದು ಪಾಲಿಯೋಮಾ ಅನ್ನುವ ವೈರಸ್. ನನ್ನ ಮನೆಯಲ್ಲೂ ಮರಿಗಳು ಹಾಗೇ ಸತ್ತವು. ಹಕ್ಕಿ ಡಾಕ್ಟರು ಪರೀಕ್ಷೆ ಮಾಡಿಸಿ ಹೋದ ವಾರ ಹೇಳಿದರು. ದೊಡ್ಡ ಬಡ್ಜಿಗೆ ಹೆಚ್ಚಾಗಿ ಏನೂ ಆಗುವುದಿಲ್ಲವಂತೆ. ತಿಂದುಂಡು ಚಿಲಿಪಿಲಿ ಅನ್ನುತ್ತಲೇ ಇರುತ್ತದೆ, ಗರಿಯ ಧೂಳಿನಲ್ಲಿ, ಕೊಡುವ ಗುಟುಕಿನಲ್ಲಿ ರೋಗ ದಾಟಿಸುತ್ತದೆ. ನಾನು ಕೊಟ್ಟ ನೀಲಿ ಗಂಡು ಅಂಥದ್ದೇ. ಪ್ರದರ್ಶನದಲ್ಲಿ ಕಪ್ ಗೆಲ್ಲುವ ಬಣ್ಣ ಅಂತ ನೀನೇ ಕೇಳಿ ಒಯ್ದಿದ್ದೆ.

ಭಾವನ ತಪ್ಪು ಎಳ್ಳಷ್ಟೂ ಇಲ್ಲ ಕಣೇ. ಗಡಿಯಾರದ ಮುಳ್ಳು ಹಿಡಿಯುವ ಕೈಯಿಂದ ಆ ಪುಟ್ಟ ಕೊಕ್ಕುಗಳಿಗೆ ಹನಿ ಹನಿಯಾಗಿ ಉಣಿಸಿದವರು ಅವರು. ನೀನು ಅವರನ್ನು ಕೊಲೆಗಾರ ಅಂದೆ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅಂದುಕೊಂಡು ನಾನೂ ಸುಮ್ಮನಿದ್ದೆ. ಅವರು ತಮ್ಮನ ಮನೆ ಸೇರಿ ನಾಲ್ಕು ತಿಂಗಳಾಯಿತು. ಊಟ ಸೇರುತ್ತಿಲ್ಲ, ದಿನವೆಲ್ಲ ಕಿಟಕಿ ಹತ್ತಿರ ಕೂತಿರುತ್ತಾರೆ ಅಂತ ಆ ಮನೆಯಾಕೆ ಹೇಳಿದಳು. ಹೋಗಿ ಕರೆದುಕೊಂಡು ಬಾ. ಹಟ ಸಾಕು.

ನಿನ್ನ
ವಟವಟ

ತಾ.ಕ.: ಡಾಕ್ಟರ ರಿಪೋರ್ಟನ್ನೂ ಕವರಿನಲ್ಲಿಟ್ಟಿದ್ದೇನೆ. ತಾರೀಖು ನೋಡು, ಆಗಸ್ಟ್ ೧೮. ಹೋದ ವಾರ ಅಂದದ್ದು ಸುಳ್ಳು. ಹರಿದು ಬೇರೆ ಬರೆಯೋಣವೆಂದರೆ ಮತ್ತೆ ಸುಳ್ಳನ್ನೇ ಬರೆದೇನು. ನೀಲಿ ಗಂಡನ್ನು ನಿನ್ನ ಕೈಗೆ ಕೊಟ್ಟದ್ದು ಅದೇ ತಿಂಗಳ ೨೯ಕ್ಕೆ. ಆರು ತಿಂಗಳು ಯಾವ ಹಕ್ಕಿಯನ್ನೂ ಹೊರಗೆ ಕೊಡಬೇಡಿ ಅಂದಿದ್ದರು. ರೋಗದ ಮನೆ ಅಂತ ಹಕ್ಕಿ ಸಾಕುವವರೆಲ್ಲ ನನ್ನನ್ನು ದೂರ ಇಟ್ಟಾರು ಅಂತ ಬಾಯಿ ಬಿಡಲಿಲ್ಲ.

ಭಾವನಿಗೆ ಇದೆಲ್ಲ ಗೊತ್ತು. ಮನೆ ಬಿಡುವ ಹಿಂದಿನ ದಿನ ಬಂದು, ನಿಮ್ಮನೆ ಮರಿಗಳೂ ಹೀಗೇ ಸತ್ತವಾ ಅಂತ ಕೇಳಿದರು, ಎಲ್ಲ ಒಪ್ಪಿಕೊಂಡೆ. "ಅವಳಿಗೆ ಹೇಳ್ಬೇಡಿ. ನನ್ನ ಮೇಲಿನ ಕೋಪ ಇವತ್ತಲ್ಲ ನಾಳೆ ಇಳಿಯುತ್ತೆ. ನಿಮ್ಮನ್ನ ಕಳ್ಕೊಂಡ್ರೆ ಅವಳಿಗೆ ಇನ್ಯಾರಿದ್ದಾರೆ?" ಅಂದರು.

ನಾನು ಹೂಂ ಅಂದುಬಿಟ್ಟೆ.