ಅಕ್ಕನ ಸೈಕಲ್ಲಿನ ಸೀಟು

ಅಕ್ಕಾ,

ನೀನು ಮನೆ ಬಿಟ್ಟು ಹೋದ ಮೇಲೆ ಟ್ರಯಥ್ಲಾನ್ ಸರದಿ ನನಗೆ ಬಂದಿದೆ. ಈಜು, ಸೈಕಲ್, ಓಟ, ಮೂರೂ. ಇವತ್ತು ಮೊದಲ ದಿನ. ನಿನ್ನ ಕೋಚ್ ನನ್ನನ್ನು ನಿನ್ನ ಸೈಕಲ್ ಮೇಲೆ ಕೂರಿಸಿದರು. ಕಾಲು ಪೆಡಲಿಗೆ ಎಟುಕಲಿಲ್ಲ.

“ಸೀಟು ಇಳಿಸೋಣ,” ಎಂದರು.

“ಬೇಡ ಸರ್, ದೊಡ್ಡವಳು ಬಂದ್ರೆ ಅವಳಿಗೆ ಹಾಗೇ ಬೇಕು. ಇವಳೇ ಹೇಗೋ ಎಟುಕಿಸ್ಕೊಳ್ಳಲಿ,” ಎಂದಳು ಅಮ್ಮ.

“ಕಾಲೇನು ರಬ್ಬರಾ ಅಮ್ಮಾ?” ಎಂದು ನಕ್ಕು, ಕೋಚ್ ನನ್ನ ಕಡೆ ತಿರುಗಿದರು. “ನಿಂಗೆ ಇದೆಲ್ಲ ಇಷ್ಟ ತಾನೆ?”

“ಪ್ರಾಣ ಬಿಡ್ತಾಳೆ,” ಎಂದಳು ಅಮ್ಮ.

ನಾನು ಹೂಂ ಅಂತ ತಲೆಯಾಡಿಸಿದೆ.

“ನನಗೆ ಬೇಡ ಅಂತ ಅಮ್ಮನಿಗೆ ನೀನಾದ್ರೂ ಹೇಳೇ,” ಎಂದು ಮನೆ ಬಿಡುವ ಮುಂಚೆ ನೀನು ನನ್ನ ಕೈ ಹಿಡಿದಾಗಲೂ ಹೀಗೇ ತಲೆಯಾಡಿಸಿದ್ದೆ; ಅಮ್ಮನಿಗೆ ಹೇಳಲೇ ಇಲ್ಲ.

ನಾಳೆ ಆರಕ್ಕೆ ಈಜು. ಯಾರ ಕೈ ಹಿಡಿಯಲಿ?