ಬಂತ್, ಬಂದ್

ಅಪ್ಪಾ,

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ಹಿಂದಿಯಲ್ಲಾದರೆ ಇಷ್ಟು ಹೊತ್ತಿಗೆ ಬರೆದು ಮುಗಿಸುತ್ತಿದ್ದೆ. ಆದರೆ ನಮ್ಮಿಬ್ಬರ ನಡುವೆ ಹಿಂದಿ ಒಮ್ಮೆ ಮಾಡಿದ ಅನಾಹುತವೇ ಸಾಕು. ಅದೇನೆಂದು ನಿಮಗೆ ಗೊತ್ತಾಗಲೇ ಇಲ್ಲ. ಹೋದ ಭಾನುವಾರದವರೆಗೆ ನನಗೂ ಗೊತ್ತಿರಲಿಲ್ಲ.

ಪ್ರಭಾಕರಣ್ಣನ ಬೋಟಿನ ಎಂಜಿನ್ ಸುಟ್ಟ ಬೆಳಿಗ್ಗೆ ನೆನಪಿದೆಯೇ? ಕಲ್ಯಾಣದ ಹೋಟೆಲು ಮಗನಿಗೆ ಬಿಟ್ಟು, ಖಾಡಿಯ ಹಿನ್ನೀರಿನಲ್ಲಿ ಜನರಿಗೆ ಫ್ಲೆಮಿಂಗೊ ಹಕ್ಕಿ ತೋರಿಸುತ್ತೇನೆಂದು ಅವರು ಹೊಸದಾಗಿ ಕೊಂಡಿದ್ದ ಬೋಟು. ನೀವು ಕೆಳಗೆ ಎಂಜಿನ್ ಪಕ್ಕದಲ್ಲಿ, ತಾಂಡೇಲ ಬಾಳೂಕಾಕಾ ಸ್ಟಿಯರಿಂಗ್ ಹಿಡಿದು, ನಾನು ಹಿಂದೆ ಬಗ್ಗಿ ಹೊಗೆ ಪೈಪು ನೋಡುತ್ತಾ. ಪಂಪು ಖಾಡಿಯ ನೀರೆಳೆದು ಎಂಜಿನ್ನನ್ನು ತಣಿಸಿ, ಹೊಗೆಯ ಜೊತೆಯಲ್ಲೇ ಆ ಪೈಪಿನಿಂದ ಹೊರಗೆ ಉಗುಳಬೇಕು. ಉಗುಳದಿದ್ದರೆ ತಕ್ಷಣ ನಿಲ್ಲಿಸಬೇಕು. ಬೋಟಿನ ಟೆಂಪರೇಚರ್ ಸೂಜಿ ಕೆಟ್ಟಿತ್ತು. "ಸೂಜಿ ಎಂತಕ್ಕೆ? ಹೆಣ್ಣಿನ ಕಣ್ಣ್ ಇತ್ತಲ್ದಾ" ಎಂದಿರಿ. ನನಗೆ ಎಷ್ಟು ಹೆಮ್ಮೆಯಾಗಿತ್ತು ಗೊತ್ತೇ?

"ನೀರ್ ಬಂತಾ?" ಎಂದು ಕೂಗಿದಿರಿ. ಮೊದಲು ನೀರು ಬಂತು. ಆಮೇಲೆ ನಿಂತಿತು. ನಾನು ಕೂಗಿದೆ, ಎರಡು ಸಲ. ಆದರೂ ನೀವು ಎಂಜಿನ್ನಿನ ವೇಗ ಏರಿಸಿದಿರಿ. ನಾನು ಓಡಿ ಬರುವಷ್ಟರಲ್ಲಿ ಸುಟ್ಟ ರಬ್ಬರಿನ ವಾಸನೆ, ಹಬೆ, ಆಮೇಲೆ ಆ ಸದ್ದು. ನೀರೆಳೆಯುವ ಬಾಯಿಗೆ ಪ್ಲಾಸ್ಟಿಕ್ ಚೀಲ ಕವುಚಿಕೊಂಡಿತ್ತು. ಅದು ಯಾರ ತಪ್ಪೂ ಅಲ್ಲ. ಆದರೆ ಜೆಟ್ಟಿಯ ಮೇಲೆ, ಅಷ್ಟು ಜನರ ಎದುರು, ನೀವು ಅಂದದ್ದು...

"ನೀನೇ ಅಲ್ದಾ ಬಂತ್ ಬಂತ್ ಅಂದದ್ದ್? ಮೊಬೈಲ್ ಕಾಣ್ತಾ ಇದ್ದಿಯಾ? ಇದಕ್ಕೆ ಕಣ್ಣ್ ಕಾಂತಿಲ್ಲ, ಬಾಯಲ್ಲಿ ಬರೀ ಸುಳ್ಳು."

ಸುಳ್ಳು ಅನ್ನುವ ಶಬ್ದ ನಿಮಗೆ ಅಷ್ಟು ಹಗುರವಾಗಿತ್ತೇ? ನಾನು ಹಾಗೆ ಹೇಳಲಿಲ್ಲ ಎಂದೆ. ಒಂದು ಸಲವಲ್ಲ, ಮನೆಯವರೆಗೂ ಹೇಳುತ್ತಾ ಬಂದೆ. ನೀವು ಎಂಐಡಿಸಿ ಕೈಗಾರಿಕಾ ಪ್ರದೇಶದ ನಮ್ಮ ರಿಪೇರಿ ಶೆಡ್ಡಿನ ಕೀಲಿ ನನ್ನ ಕೈಯಿಂದ ತೆಗೆದುಕೊಂಡಿರಿ. ಹತ್ತನೇ ಕ್ಲಾಸಿನಿಂದ ನಿಮ್ಮ ಜೊತೆ ಗ್ರೀಸು ಬಳಿದುಕೊಂಡ ನಾನು ನಾಲ್ಕು ವರ್ಷ ಠಾಣೆಯ ಒಂದು ಲಿಫ್ಟ್ ಕಂಪನಿಯಲ್ಲಿ ಫೋನಿನ ಮುಂದೆ ಕೂತು ಯಾರ ಬಿಲ್ಡಿಂಗಿನಲ್ಲಿ ಲಿಫ್ಟ್ ನಿಂತಿದೆ ಎಂದು ಬರೆದುಕೊಂಡೆ. ನೀವು ಎದುರಿಗೇ ಊಟಕ್ಕೆ ಕೂರುತ್ತಿದ್ದಿರಿ. ಕೇಳಬೇಕೆಂದು ಒಂದು ದಿನವೂ ಅನಿಸಲಿಲ್ಲವೇ? ಹೋದ ವರ್ಷ ಗಣಪತಿ ಹಬ್ಬಕ್ಕೆ ಮುಂಚೆ ನೀವು ತೀರಿಹೋದಿರಿ, ಕೇಳದೆಯೇ.

ಶೆಡ್ಡನ್ನು ನಾನು ಮತ್ತೆ ತೆರೆದೆ. ಹಟಕ್ಕೆ ತೆರೆದದ್ದು, ನಿಮ್ಮ ನೆನಪಿಗಲ್ಲ. ಖಾಡಿಯವರ ಬಾಯಲ್ಲಿ ನಾನಿನ್ನೂ ಎಂಜಿನ್ ಸುಟ್ಟವಳೇ. ಆರು ತಿಂಗಳು ಯಾರೂ ಬೋಟು ಮುಟ್ಟಲು ಬಿಡಲಿಲ್ಲ. ಕೊನೆಗೆ ಕರೆದವರು ಪ್ರಭಾಕರಣ್ಣನೇ. ನೀವು ರಿಪೇರಿ ಮಾಡಿದ ಅದೇ ಎಂಜಿನ್, ಜನ ತುಂಬಿಸಿ ವೇಗ ಏರಿಸಿದರೆ ಕಾಯುತ್ತದಂತೆ. "ಬೇರೆಯವರು ಕಂಡು ಕೈಬಿಟ್ರು. ನೀನೊಮ್ಮೆ ಕಾಣ್. ಇನ್ನೊಂದ್ ಸಲ ಸುಟ್ರೆ ಮಾತ್ರ ಈ ಖಾಡಿಗೆ ಬರೂದ್ ಬೇಡ" ಎಂದರು. ತಮಾಷೆಗೆ ಅಂದದ್ದಲ್ಲ.

ಭಾನುವಾರ ಕೋಪರಖೈರಣೆಯ ಕಡೆಯ ಜೆಟ್ಟಿಯಲ್ಲಿ ಎಲ್ಲವನ್ನೂ ನೀವು ಕಲಿಸಿದ ಕ್ರಮದಲ್ಲೇ ನೋಡಿದೆ. ಜಾಲರಿಯಲ್ಲಿ ಕೆಸರಿತ್ತು, ತೊಳೆದೆ. ಬೆಲ್ಟು ಬಿಗಿಯಾಗಿತ್ತು. ಪಂಪು ಬಿಚ್ಚಿದೆ, ರಬ್ಬರ್ ಚಕ್ರದ ಆರು ಎಸಳೂ ನೆಟ್ಟಗಿದ್ದವು. ಹೊಸ ಸೂಜಿ ಕೂರಿಸಿದೆ. ಬಾಳೂಕಾಕಾನನ್ನು ಹಿಂದೆ ನಿಲ್ಲಿಸಿ ಎಂಜಿನ್ ಶುರು ಮಾಡಿದೆ. "ನೀರ್ ಬಂತಾ?" ಎಂದು ನನ್ನ ಬಾಯಿಂದ ನಿಮ್ಮ ಕೂಗೇ ಬಂತು. ಇಷ್ಟು ವರ್ಷ ನಿಮ್ಮ ಜೊತೆ ದುಡಿದ ಕಾಕಾನಿಗೆ ಅದರ ಅರ್ಥ ಗೊತ್ತು. "ಬಂತ್" ಎಂದ. ವೇಗ ಏರಿಸಿದೆ. ಸ್ವಲ್ಪ ಹೊತ್ತಿಗೆ ಮತ್ತೆ "ಬಂತ್, ಬಂತ್" ಎಂದ. ಸೂಜಿ ಮಾತ್ರ ಏರುತ್ತಲೇ ಇತ್ತು. ನಾನು ಎಂಜಿನ್ ನಿಲ್ಲಿಸಿ ಹಿಂದಕ್ಕೆ ಓಡಿದೆ. ಪೈಪಿನಿಂದ ಬರೀ ಹಬೆ.

ಕಣ್ಣು ಕಾಣುವುದಿಲ್ಲವೇ ಕಾಕಾ, ಯಾಕೆ ಸುಳ್ಳು ಹೇಳಿದೆ ಎಂದು ಬೈದೆ. ಹೌದು, ಅದೇ ಮಾತು. ಕಾಕಾ ನನ್ನನ್ನೇ ನೋಡಿದ.

"ಅಗ, ಮೀ ಬಂದ್ ಬೋಲ್ಲೋ. ಪಾಣೀ ಬಂದ್. ಥಾಂಬ್ಲಂ ನಾ ಪಾಣೀ."

ಬಂದ್. ನೀರು ನಿಂತುಹೋಯಿತು ಎಂದು ಕಾಕಾ ಕೂಗಿದ್ದು. ಅಪ್ಪಾ, ಎಂಜಿನ್ನಿನ ಪಕ್ಕ ಕೂತವರ ಕಿವಿಗೆ ಅದು ಬಂತ್ ಎಂದೇ ಕೇಳಿಸುತ್ತದೆ. ನಿಮ್ಮ ಕುಂದಾಪುರದ ಬಂತ್, ನನ್ನ ಡೊಂಬಿವಲಿಯ ಬಂದ್. ನಾನು ಹುಟ್ಟಿದಾಗಿನಿಂದ ನೀವು ನನ್ನ ಜೊತೆ ಕನ್ನಡದಲ್ಲೇ ಮಾತಾಡಿದಿರಿ, ನಾನು ಹಿಂದಿಯಲ್ಲೇ ಉತ್ತರ ಕೊಟ್ಟೆ. ಅದಕ್ಕೂ ದಿನಾ ಬೈಯುತ್ತಿದ್ದಿರಿ. ಹಾಗಿದ್ದರೆ ಅವತ್ತೊಂದು ದಿನ ನಾನು ಕನ್ನಡದಲ್ಲಿ ಉತ್ತರಿಸಿದೆ ಎಂದು ಹೇಗೆ ನಂಬಿದಿರಿ?

ಸಿಟ್ಟು ಅಲ್ಲಿಗೇ ಇಳಿಯುತ್ತಿತ್ತೇನೋ. ನೀವೂ ಸುಳ್ಳು ಹೇಳಿರಲಿಲ್ಲ ಎಂದು ಗೊತ್ತಾಗಿ ಎದೆ ಒಂದಿಷ್ಟು ಹಗುರವಾಗಿತ್ತು. ಆದರೆ ಪಂಪಿನ ನೀರು ಹಾದುಹೋಗುವ ಕೂಲರ್ ಬಿಚ್ಚಿದೆ. ನೀರಿನ ದಾರಿಗೆ ಅಡ್ಡವಾಗಿ ಮೂರು ಕಪ್ಪು ರಬ್ಬರ್ ತುಂಡುಗಳು. ಅವತ್ತು ನೀರಿಲ್ಲದೆ ಸುಟ್ಟು ಹರಿದ, ಪಂಪಿನ ಹಳೆಯ ಚಕ್ರದ ಎಸಳುಗಳು. ಎಸಳು ಮುರಿದರೆ ಎಣಿಸು, ಎಲ್ಲ ತುಂಡೂ ಕೈಗೆ ಸಿಗುವವರೆಗೆ ಎಂಜಿನ್ ಮುಚ್ಚಬೇಡ ಎಂದು ತಲೆಗೆ ಮೊಟಕಿ ಕಲಿಸಿದವರು ಯಾರು? ಹೊಸ ಚಕ್ರ ಹಾಕಿದಿರಿ, ಹಳೆಯದರ ಎಸಳು ಎಣಿಸಲಿಲ್ಲ. ನನ್ನನ್ನು ಬೈಯುವುದರಲ್ಲೇ ಮುಳುಗಿದ್ದಿರಿ.

ಆ ಮೂರು ತುಂಡುಗಳನ್ನು ಪ್ರಭಾಕರಣ್ಣನ ಕೈಯಲ್ಲೇ ಇಟ್ಟೆ. ಬಂದ್ ಎಂದದ್ದು, ಬಂತ್ ಎಂದು ಕೇಳಿದ್ದು, ಎಣಿಸದೆ ಬಿಟ್ಟದ್ದು, ಎಲ್ಲ ಹೇಳಿದೆ. ನಿಮ್ಮ ಮರ್ಯಾದೆ ಉಳಿಸಬಹುದಿತ್ತು, ಉಳಿಸಲಿಲ್ಲ. ಅವರು ತುಂಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿದರು. "ಹಂಗಾರೆ ಇಷ್ಟ್ ವರ್ಷ ನಾವೆಲ್ಲ ನಿಂಗೆ..." ಎಂದು ಅರ್ಧಕ್ಕೇ ನಿಲ್ಲಿಸಿದರು. ಮಧ್ಯಾಹ್ನ ಜನ ತುಂಬಿಸಿ ಪೂರ್ತಿ ವೇಗದಲ್ಲಿ ವಾಶಿ ಸೇತುವೆಯವರೆಗೆ ಹೋಗಿಬಂದೆವು. ಸೂಜಿ ಅಲ್ಲಾಡಲಿಲ್ಲ. ಬೋಟು ಇನ್ನು ನನ್ನ ಸುಪರ್ದಿಯಲ್ಲೇ ಇರಲಿ ಎಂದಿದ್ದಾರೆ.

ಶೆಡ್ಡಿನಲ್ಲಿ ಈಗ ಒಂದು ನಿಯಮ ಮಾಡಿದ್ದೇನೆ. ಹಿಂದಿನಿಂದ ಯಾರು ಏನೇ ಕೂಗಲಿ, ಎಂಜಿನ್ ಹತ್ತಿರ ಇರುವವರು ತಿರುಗಿ ಒಮ್ಮೆ ಕೇಳಲೇಬೇಕು: "ಎಂತ ಅಂದೆ?" ಬಾಳೂಕಾಕಾನೂ ಕಲಿತಿದ್ದಾನೆ, ನಗುತ್ತಾ ಕೇಳುತ್ತಾನೆ. ಎರಡೇ ಮಾತು, ಅಪ್ಪಾ. ನಾಲ್ಕು ವರ್ಷ ಒಂದೇ ಮನೆಯಲ್ಲಿದ್ದೆವು.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ. ನಾನು ಬಂದ್ ಎಂದಿದ್ದೆ.

ನಿಮ್ಮ ಮಗಳು,
ವೀಣಾ