ಹೊಡೆದುಹಾಕಿದ ಎಂಟು

ಅಕ್ಕಾ,

ಮೂರು ದಿನದಿಂದ ನೀನು ನನ್ನ ಫೋನ್ ಎತ್ತುತ್ತಿಲ್ಲ. ನಿನ್ನೆ ವಾರ್ಡಿನಲ್ಲಿ ಎದುರಾದಾಗಲೂ ಔಷಧಿಯ ಗಾಡಿ ತಳ್ಳಿಕೊಂಡು ಪಕ್ಕದಲ್ಲೇ ಹೊರಟುಹೋದೆ. ಅದಕ್ಕೇ ಈ ಕಾಗದ. ಡ್ಯೂಟಿಗೆ ಬಂದು ಲಾಕರ್ ತೆಗೆದಾಗ ಮೊದಲು ಇದೇ ಕೈಗೆ ಸಿಗಲಿ ಎಂದು ಬಾಗಿಲ ಸಂದಿಯಲ್ಲಿ ತೂರಿಸಿದ್ದೇನೆ. ಹತ್ತು ಗಂಟೆಗೆ ವಿಚಾರಣೆಗೆ ಹೋಗುವ ಮುಂಚೆ ಪೂರ್ತಿ ಓದು.

ಬೇರೆ ಭಾಷೆಯ ನೋವಿನ ಅಳತೆಪಟ್ಟಿಯನ್ನು ನಮ್ಮ ಮಾತಿಗೆ ತಂದು, ಅದು ನಮ್ಮ ರೋಗಿಗಳಿಗೆ ಹೊಂದುತ್ತದೆಯೇ ಎಂದು ಪರೀಕ್ಷಿಸುವ ನನ್ನ ಓದಿಗೆ ನೀನು ಎಷ್ಟು ಹೆಗಲು ಕೊಟ್ಟೆ ಎಂದು ಬರೆಯಹೊರಟರೆ ಕಾಗದ ಸಾಲದು. ಸೊನ್ನೆ ಎಂದರೆ ನೋವೇ ಇಲ್ಲ, ಹತ್ತು ಎಂದರೆ ತಾಳಲಾಗದ್ದು. ಮೊದಲು ನಾನು ಕೇಳಿ ಬರೆದುಕೊಳ್ಳಬೇಕು, ಒಂದು ಗಂಟೆ ಬಿಟ್ಟು ನನ್ನ ಹಾಳೆ ನೋಡದೆ ನೀನು ಕೇಳಬೇಕು. ಎರಡೂ ಅಂಕಿ ಒಂದೇ ಆದರೆ ಪಟ್ಟಿಯನ್ನು ನಂಬಬಹುದು. ಮೂವತ್ತೊಂಬತ್ತು ರೋಗಿಗಳದ್ದು ಒಂದೂ ತಪ್ಪದೆ ಹೊಂದಿತ್ತು. ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. "ಇಷ್ಟು ಚೆನ್ನಾಗಿ ಬಂದ್ರೆ ನಂಗೆ ಭಯ ಆಗತ್ತೆ ಕಣೇ" ಎಂದಿದ್ದೆ ನೀನು. ಮೊಸರಲ್ಲಿ ಕಲ್ಲು ಹುಡುಕಬೇಡ ಎಂದು ನಾನು ನಕ್ಕಿದ್ದೆ.

ನಲವತ್ತನೆಯವರು ಹದಿನಾಲ್ಕನೇ ಹಾಸಿಗೆಯ ಬೀಗ ರಿಪೇರಿಯ ತಾತ. ಕರುಳಿನ ಆಪರೇಷನ್ ಆಗಿ ನಾಲ್ಕನೇ ದಿನ. ನನಗೆ ಮೂರು ಅಂದರು. ನಿನಗೂ ಮೂರೇ ಅಂದರು. ನೀನು ಎಂಟು ಬರೆದೆ. ಸ್ಟ್ರೆಚರ್‌ಗಳು ಓಡಾಡುವ ಕಾರಿಡಾರಿನಲ್ಲಿ ನಿಂತು ನಾನು ನಿನ್ನ ಮೇಲೆ ರೇಗಿದೆ. "ಮಂಡಿ ಮಡಚ್ಕೊಂಡು ಮಲಗಿದಾರೆ ಕಣೇ. ಹೊಟ್ಟೆಗೆ ಹೊದಿಕೆ ತಗುಲಿದ್ರೂ ಉಸಿರು ಹಿಡೀತಾರೆ" ಎಂದೆ ನೀನು. "ನಿಂಗೆ ಕಂಡಿದ್ದು ಬೇಡ, ಅವರು ಹೇಳಿದ್ದು ಬರಿ" ಎಂದೆ ನಾನು. ಇಪ್ಪತ್ತೆರಡು ವರ್ಷ ಆ ವಾರ್ಡಿನಲ್ಲಿ ಸವೆದವಳಿಗೆ, ಮೊನ್ನೆ ಮೊನ್ನೆ ಪುಸ್ತಕ ಹಿಡಿದ ನಾನು ಪಾಠ ಹೇಳಿದೆ. ಹಾಳೆಯ ಕೆಳಗೆ ಟಿಪ್ಪಣಿಗೆ ಜಾಗವಿತ್ತು. ಅಲ್ಲಾದರೂ ಬರೆಯುತ್ತೇನೆ ಎಂದೆ ನೀನು. ಅದೂ ಬೇಡ, ಹಾಳೆ ಗಲೀಜಾಗುತ್ತದೆ ಎಂದೆ ನಾನು. ನೀನು ಒಂದು ಕ್ಷಣ ನನ್ನ ಮುಖ ನೋಡಿ, ಎಂಟನ್ನು ಹೊಡೆದುಹಾಕಿ, ಪಕ್ಕದಲ್ಲಿ ಮೂರು ಬರೆದು ಸಹಿ ಮಾಡಿದೆ.

ಆಮೇಲೂ ನೀನು ಸುಮ್ಮನಿರಲಿಲ್ಲ. ರೌಂಡ್ಸಿಗೆ ಬಂದ ಡಾಕ್ಟರಿಗೆ ಬಾಯಿಬಿಟ್ಟು ಹೇಳಿದೆ. ಅವರು ನಮ್ಮಿಬ್ಬರ ಹಾಳೆ ತಿರುವಿ, "ಎರಡು ಸಲವೂ ಮೂರೇ ಇದೆಯಲ್ಲ ಸಿಸ್ಟರ್, ಸಂಜೆ ನೋಡೋಣ" ಎಂದು ಮುಂದಿನ ಹಾಸಿಗೆಗೆ ನಡೆದರು. ನಾನು ಪೆನ್ನು ಹಿಡಿದು ಅಲ್ಲೇ ನಿಂತಿದ್ದೆ. ಒಂದು ಮಾತು ಆಡಲಿಲ್ಲ. ಸಂಜೆಗೆ ತಾತನಿಗೆ ಜ್ವರ ಏರಿತು, ಹೊಟ್ಟೆ ಹಲಗೆಯಂತೆ ಗಟ್ಟಿಯಾಯಿತು. ಒಳಗಿನ ಹೊಲಿಗೆ ಬಿಟ್ಟುಹೋಗಿತ್ತು. ಮತ್ತೆ ಆಪರೇಷನ್ನಿಗೆ ಒಯ್ಯುವಷ್ಟರಲ್ಲಿ ಏಳು ಗಂಟೆ ತಡವಾಗಿತ್ತು.

ನಿನ್ನೆ ಐಸಿಯುನಲ್ಲಿ ಅವರಿಗೆ ಸರಿಯಾಗಿ ಎಚ್ಚರವಾಯಿತು. ಅಷ್ಟು ನೋವಿದ್ದೂ ನಿನಗೇಕೆ ಮೂರು ಎಂದರು ಎಂದು ಕೇಳಿದೆ. ನೋವು ಏರಿದ್ದು ನಾನು ಕೇಳಿಹೋದ ಮೇಲಂತೆ. "ನಿಮ್ಮ ಹತ್ರ ಮೂರು ಅಂದಿದ್ದೆನಲ್ಲ ತಾಯಿ. ಆಮೇಲೆ ಬಂದೋರ ಹತ್ರ ಎಂಟು ಅಂದ್ರೆ, ನೀವು ಸುಳ್ಳು ಬರ್ಕೊಂಡ್ರಿ ಅಂತ ಆಗಲ್ವಾ? ಓದೋ ಹುಡುಗಿ, ಪಾಪ" ಎಂದರು. ಸೀದಾ ವಾರ್ಡಿಗೆ ಬಂದು, ಇನ್ನೂ ಮನೆಗೆ ಹೋಗದ ಹನ್ನೊಂದು ಜನರನ್ನು ಮತ್ತೆ ಕೇಳಿದೆ. ಏಳು ಜನ ಎರಡನೇ ಸಲ ತಮ್ಮ ನೋವು ಎಷ್ಟಿದೆ ಎಂದು ನೋಡಿಕೊಂಡೇ ಇರಲಿಲ್ಲ. ನನಗೆ ಹೇಳಿದ್ದನ್ನೇ ಉಳಿಸಿಕೊಂಡಿದ್ದರು. ಒಬ್ಬಾಕೆ ಮರೆತುಹೋಗದಿರಲೆಂದು ಅಂಕಿಯನ್ನು ಅಂಗೈ ಮೇಲೆ ಬರೆದುಕೊಂಡಿದ್ದರಂತೆ. ನಾನು ಮೆರೆಸಿದ ಹೊಂದಾಣಿಕೆಯ ಬಂಡವಾಳ ಇಷ್ಟೇ.

ಈಗ ಮ್ಯಾಟ್ರನ್ ಆ ಹೊಡೆದುಹಾಕಿದ ಎಂಟನ್ನು ಹಿಡಿದು ಕೂತಿದ್ದಾರೆ. "ಕಣ್ತಪ್ಪಿ ಬರೆದಿದ್ದೆ, ನಾನೇ ತಿದ್ದಿದೆ" ಎಂದು ಹೇಳಿಕೆ ಕೊಟ್ಟಿದ್ದೀಯಂತೆ. ಇಂದೂ ಅದನ್ನೇ ಹೇಳಿದರೆ ತಡವಾದ ತಪ್ಪೆಲ್ಲ ನಿನ್ನ ತಲೆಗೆ ಬಂದು ನಿನ್ನ ಕೆಲಸ ಹೋಗುತ್ತದೆ. ನನ್ನ ಓದು ಮುಗಿಯಲಿ ಎಂದು ನೀನು ಹೀಗೆ ಮಾಡುತ್ತಿದ್ದೀಯ. ಅಮ್ಮ ಹೋದಾಗಿನಿಂದ ಇದೇ ನಿನ್ನ ರೂಢಿ. ಪಕ್ಕದ ಮನೆಯ ಕಿಟಕಿ ಗಾಜು ಒಡೆದವಳು ನಾನು, ಬೈಸಿಕೊಂಡವಳು ನೀನು. ಆದರೆ ಇದು ಕಿಟಕಿಯ ಗಾಜಲ್ಲ.

ಬೆಳಿಗ್ಗೆ ಏಳೂವರೆಗೇ ಮ್ಯಾಟ್ರನ್ ಕೈಗೆ ನನ್ನ ಹೇಳಿಕೆ ಕೊಟ್ಟಿದ್ದೇನೆ. ತಿದ್ದಿಸಿದವಳು ನಾನು, ಟಿಪ್ಪಣಿ ತಡೆದವಳೂ ನಾನು ಎಂದು ಬರೆದಿದ್ದೇನೆ. ನಲವತ್ತು ಜನರ ಹಾಳೆಗಳನ್ನೂ ಲೆಕ್ಕದಿಂದ ತೆಗೆಯುವುದಾಗಿ ನನ್ನ ಮಾರ್ಗದರ್ಶಕರಿಗೆ ಫೋನ್ ಮಾಡಿದೆ. "ಎರಡು ವರ್ಷ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗಾಯ್ತಲ್ಲಮ್ಮ" ಎಂದರು. ನನ್ನನ್ನು ಕಾಲೇಜಿನಿಂದ ತೆಗೆದುಹಾಕಬಹುದು. ತಾತ ಇನ್ನೂ ಅಪಾಯದಿಂದ ಪಾರಾಗಿಲ್ಲ.

ಹತ್ತು ಗಂಟೆಗೆ ಆ ಕೋಣೆಯಲ್ಲಿ ನಾನೂ ಇರುತ್ತೇನೆ. ಅಂದು ನಿನಗೆ ಏನು ಕಂಡಿತು ಎಂದು ಕೇಳುತ್ತಾರೆ. ಹಿಂದೆ ಏನು ಹೇಳಿದ್ದೆ ಎನ್ನುವುದನ್ನು ಬಿಟ್ಟುಬಿಡು ಅಕ್ಕ. ನನ್ನನ್ನು ಉಳಿಸಲು ಒಂದು ಜೀವ ನೋವು ನುಂಗಿದ್ದು ಸಾಕು. ನೀನೂ ಮೂರು ಅನ್ನಬೇಡ.

ನಿನ್ನನ್ನು ಹರಸುವಷ್ಟು ದೊಡ್ಡವಳಲ್ಲ ನಾನು. ನಿನ್ನ ಕಣ್ಣಿಗೆ ಕಂಡದ್ದು ಇನ್ನು ಮುಂದೆ ಯಾರ ಕೈಯಿಂದಲೂ ಅಳಿಸದಿರಲಿ ಎಂದು ಬೇಡಿಕೊಳ್ಳುತ್ತೇನೆ.

ನಿನ್ನ ಬೆನ್ನಿಗೆ ಹುಟ್ಟಿದ,
ತಂಗಿ